ಪ್ಯಾನಿಕ್ ಅಲ್ಲ ಸ್ವಾಮಿ, ಅದು ಆನೆ

ಮೊನ್ನೆ ಬೆಳಿಗ್ಗೆ ಆರು ಗಂಟೆಗೆ ನಮ್ಮ ಸಕಲೇಶಪುರದ ಕಡೆಯ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಬಂತು. ಪಕ್ಕದ ತೋಟದಲ್ಲಿ ಮೂರು ಆನೆ ಇವೆ, ಯಾರೂ ಪ್ಯಾನಿಕ್ ಆಗಬೇಡಿ. ಕೆಲಸದವರು ಆಗಲೇ ಗೇಟಿನ ಹತ್ರ ಬಂದಿದ್ದರು. ಓದಿ ಹೇಳಿದೆ.

"ಹಂಗಂದ್ರೇನು ಅಣ್ಣಯ್ಯ?" ಅಂದರು ಅವರಲ್ಲಿ ಹಿರಿಯಾಕೆ.

"ಗಾಬರಿ ಬೀಳಬೇಡಿ ಅಂತ."

"ಆನೆ ಇರದು ನಿಜ ತಾನೆ? ಮತ್ತೆ?" ಅಂತ ಅಲ್ಲೇ ಕಟ್ಟೆ ಮೇಲೆ ಕೂತು ಎಲೆಅಡಿಕೆ ಚೀಲ ಬಿಚ್ಚಿದರು.

ಆ 'ಮತ್ತೆ?'ಗೆ ನನ್ನ ಹತ್ರ ಉತ್ತರ ಇರಲಿಲ್ಲ.

ಪ್ಯಾನಿಕ್ ಅನ್ನೋ ಪದ ಹುಟ್ಟಿದ್ದು ಗ್ರೀಕರ ಪ್ಯಾನ್ ದೇವರಿಂದ. ಆಡಿನ ಕಾಲು, ತಲೆ ಮೇಲೆ ಕೊಂಬು, ಕೈಯಲ್ಲಿ ಕೊಳಲು. ಕುರಿ ಕಾಯುವವರ ದೇವರು, ವಾಸ ಕಾಡುಗುಡ್ಡದಲ್ಲಿ. ಸುಮ್ನೆ ಮೇಯುತ್ತಿದ್ದ ಮಂದೆ ಇದ್ದಕ್ಕಿದ್ದಂತೆ ದಿಕ್ಕೆಟ್ಟು ಓಡಿದರೆ ಅದು ಅವನದೇ ಕೆಲಸ ಅನ್ನುತ್ತಿದ್ದರು. ಮಧ್ಯಾಹ್ನ ಅವನು ಮಲಗುವ ಹೊತ್ತು, ಆಗ ಕೊಳಲು ಊದಿದರೆ ಸಿಟ್ಟಾಗುತ್ತಾನೆ ಅಂತ ಆಡು ಕಾಯುವವರಿಗೆ ಭಯ. ನಮ್ಮಜ್ಜಿಯೂ ಮಟಮಟ ಮಧ್ಯಾಹ್ನ ಹುಣಸೆಮರದ ಕೆಳಗೆ ಹೋಗಲು ಬಿಡುತ್ತಿರಲಿಲ್ಲ!

ಹಾಗಾಗಿ ಪ್ಯಾನಿಕ್ ಅಂದರೆ ಕಾರಣ ಕಣ್ಣಿಗೆ ಕಾಣದ ದಿಗಿಲು. ನನಗೂ ಒಮ್ಮೆ ಆಗಿದೆ. ಹಳ್ಳದ ಪಕ್ಕ ಒಬ್ಬನೇ ಪೈಪ್ ಜೋಡಿಸುತ್ತಿದ್ದೆ. ಜೀರುಂಡೆ ಸದ್ದು ಪಟ್ಟನೆ ನಿಂತಿತು. ಅಷ್ಟೇ. ಒಂದು ಚಪ್ಪಲಿ ಅಲ್ಲೇ ಬಿಟ್ಟು ಮನೆವರೆಗೆ ಓಡಿದ್ದೆ. ಅಲ್ಲಿ ಏನೂ ಇರಲಿಲ್ಲ.

ಇನ್ನು ಫಿಯರ್ ಪದದ ಕಥೆ ಬೇರೆ. ಹಳೆ ಇಂಗ್ಲಿಷಿನಲ್ಲಿ ಅದಕ್ಕೆ ಭಯ ಅನ್ನೋ ಅರ್ಥ ಇರಲಿಲ್ಲ, ದಿಢೀರಂತ ಮೇಲೆರಗುವ ಅಪಾಯ ಅಂತಿತ್ತು. ಮನಸ್ಸಿನೊಳಗಿನ ಹೆದರಿಕೆಗೆ ಆ ಹೆಸರು ಬಂದಿದ್ದು ಆಮೇಲೆ. ಅದರ ದಾಯಾದಿ ಪದ ಗೆಫಾರ್ ಜರ್ಮನ್ ಭಾಷೆಯಲ್ಲಿ ಈಗಲೂ ಅಪಾಯವೇ.

ಆ ಹಿರಿಯಾಕೆ ಹೇಳಿದ್ದು ಈ ಹಳೇ ಅರ್ಥವನ್ನೇ ಅಲ್ವಾ? ಮಂಜಿನಲ್ಲಿ, ಆಳೆತ್ತರದ ರೊಬಸ್ಟಾ ಕಾಫಿ ಗಿಡಗಳ ನಡುವೆ, ಆನೆ ಹತ್ತು ಮಾರು ದೂರದಲ್ಲಿದ್ದರೂ ಕಾಣೋದಿಲ್ಲ. ಅಂಥ ಕಡೆ ಹೋಗಲ್ಲ ಅನ್ನೋದು ದಿಗಿಲಲ್ಲ, ಲೆಕ್ಕಾಚಾರ. ಅದನ್ನು ಪ್ಯಾನಿಕ್ ಅಂದರೆ ತಪ್ಪು ಆನೆಯದ್ದಲ್ಲ, ಹೆದರಿದವರದ್ದು ಅಂದ ಹಾಗಾಗುತ್ತದೆ. ಕಾರೊಳಗೆ ಕೂತು ಬುದ್ಧಿ ಹೇಳೋದು ಸುಲಭ ಬಿಡಿ. ಕೆಲಸದವರಿಗೆ ಆನೆಗಿಂತ ಜಾಸ್ತಿ ಚಿಂತೆ ಆ ದಿನದ ಕೂಲಿಯದ್ದು.

ಒಂಬತ್ತು ಗಂಟೆಗೆ ಬೇಲಿ ಹತ್ರ ಹೋಗಿ ನೋಡಿದೆ. ಲದ್ದಿಯಲ್ಲಿ ಇನ್ನೂ ಹಬೆ ಆಡುತ್ತಿತ್ತು, ಒಳಗೆ ಹಲಸಿನ ಬೀಜ ಇಡಿಯಾಗೇ ಇದ್ದವು.

ಈಗ ಇಂಥ ಮೆಸೇಜ್ ಬಂದರೆ ಕೊನೆ ಸಾಲು ಅಳಿಸಿ ನಮ್ಮವರಿಗೆ ಕಳಿಸುತ್ತೇನೆ. ಆನೆ ಎಲ್ಲಿದೆ, ಇವತ್ತು ರಜೆ, ಕೂಲಿ ಇದೆ. ಅಷ್ಟೇ.