ನೀರೊಳಗಿನ ಎಮ್ಮೆಗೆ ನೆಲದ ಮೇಲೆ ವ್ಯಾಪಾರ

ನಮ್ಮ ಕಡೆ ದನದ ಜಾತ್ರೆಯಲ್ಲಿ ಎಮ್ಮೆ ಕೊಳ್ಳುವವರು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ನಾಲ್ಕು ಹೆಜ್ಜೆ ನಡೆಸುತ್ತಾರೆ. ಕೆಚ್ಚಲು ಮುಟ್ಟಿ ನೋಡುತ್ತಾರೆ. ಆಮೇಲೆ ಟವೆಲ್ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ರೇಟು ಮಾತಾಡುತ್ತಾರೆ. ಇಷ್ಟೆಲ್ಲ ಆದಮೇಲೂ ಮನೆಗೆ ಬಂದ ಎಮ್ಮೆ ಒದೆಯುವುದುಂಟು, ಅದು ಬೇರೆ ಮಾತು.

ನೀರೊಳಗಿನ ಎಮ್ಮೆಗೆ ವ್ಯಾಪಾರ ಕುದುರಿಸುವವನನ್ನು ನಾವು ಪೆದ್ದ ಅಂತೀವಿ. ಆಸ್ಟ್ರೇಲಿಯಾ ಸರ್ಕಾರ ಅವನಿಗಿಂತ ಒಂದು ಹೆಜ್ಜೆ ಮುಂದೆ. ಅದು ದುಡ್ಡು ಸುರಿಯುತ್ತಿರುವ ಎಮ್ಮೆಗಳಲ್ಲಿ ಕೆಲವು ಇನ್ನೂ ಹುಟ್ಟೇ ಇಲ್ಲ. ಕೆಲವಕ್ಕೆ ತಾಯಿಯೇ ಇನ್ನೂ ಗಬ್ಬ ಆಗಿಲ್ಲ. ಎಮ್ಮೆ ಅಂದರೆ ಇಲ್ಲಿ ಸಬ್‌ಮರೀನ್. ಕಪ್ಪಗೆ, ದಪ್ಪಗೆ, ಬೆನ್ನು ಮಾತ್ರ ಕಾಣುವ ಹಾಗೆ ನೀರಲ್ಲಿ ಮುಳುಗಿರುತ್ತದೆ. ಹೋಲಿಕೆ ತೀರಾ ದೂರದ್ದೇನಲ್ಲ, ಅಲ್ವಾ?

ಆಸ್ಟ್ರೇಲಿಯಾದ ಕೊಟ್ಟಿಗೆಯಲ್ಲಿ ಈಗ ಆರು ಇವೆ. ಕಾಲಿನ್ಸ್ ತಳಿ, ಡೀಸೆಲ್ ಕುಡಿಯುತ್ತವೆ. 1996ರಿಂದ 2003ರ ನಡುವೆ ಬಂದವು, ವಯಸ್ಸಾಗಿದೆ. ಹೊಸವು ಬೇಕು ಅಂತ ಟೋನಿ ಅಬಾಟ್ ಪ್ರಧಾನಿಯಾಗಿದ್ದಾಗ ಜಪಾನಿನ ಕಡೆ ಕಣ್ಣು ಹಾಕಿದರು. 2015ರಲ್ಲಿ ಅವರ ಪಕ್ಷದವರೇ ಅವರನ್ನು ಕುರ್ಚಿಯಿಂದ ಇಳಿಸಿದರು. ಆಗೆಲ್ಲ ಅಲ್ಲಿ ಪ್ರಧಾನಿಯನ್ನು ಕ್ಯಾಲೆಂಡರ್ ಥರ ಬದಲಾಯಿಸುತ್ತಿದ್ದರು. ಆಮೇಲೆ ಬಂದ ಮಾಲ್ಕಮ್ ಟರ್ನ್‌ಬುಲ್ 2016ರಲ್ಲಿ ಫ್ರಾನ್ಸ್ ಕೈಗೆ ವೀಳ್ಯ ಕೊಟ್ಟರು. ಹನ್ನೆರಡು ಸಬ್‌ಮರೀನ್.

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾಕಂದರೆ ಕಥೆಯ ರುಚಿ ಇರುವುದೇ ಇಲ್ಲಿ.

ಫ್ರಾನ್ಸ್ ಹತ್ತಿರ ಇದ್ದ ಮಾದರಿ ಅಣುಶಕ್ತಿಯಿಂದ ಓಡುವಂಥದ್ದು. ಆಸ್ಟ್ರೇಲಿಯಾದವರು, "ಅಣು ಬೇಡ ಸ್ವಾಮಿ, ಅದನ್ನು ತೆಗೆದು ಡೀಸೆಲ್ ಕೂರಿಸಿ ಕೊಡಿ" ಅಂದರು. ಮಸಾಲೆ ದೋಸೆ ಆರ್ಡರ್ ಮಾಡಿ, ಒಳಗಿನ ಪಲ್ಯ ಬೇಡ ಅಂದ ಹಾಗೆ. ಗಿರಾಕಿಯೇ ದೇವರು ಅಂತ ಫ್ರಾನ್ಸಿನವರು ಐದು ವರ್ಷ ಕಾವಲಿ ಮುಂದೆ ನಿಂತು ನಕ್ಷೆ ಬದಲಾಯಿಸಿದರು. 2021ರ ಸೆಪ್ಟೆಂಬರ್‌ನಲ್ಲಿ ಆಗಿನ ಪ್ರಧಾನಿ ಸ್ಕಾಟ್ ಮಾರಿಸನ್ ತಟ್ಟೆ ತಳ್ಳಿ ಎದ್ದರು. ಕಾರಣ? ದೋಸೆಯಲ್ಲಿ ಪಲ್ಯ ಇಲ್ಲ! ಡೀಸೆಲ್ ಸಬ್‌ಮರೀನ್ ಇನ್ನು ಸಾಲದು, ಅಣುಶಕ್ತಿಯದ್ದೇ ಬೇಕು ಅಂತ ಎದುರು ಹೋಟೆಲಿಗೆ ನಡೆದರು.

ಎದುರು ಹೋಟೆಲಿನ ಹೆಸರು ಆಕಸ್. ಆಸ್ಟ್ರೇಲಿಯಾ, ಬ್ರಿಟನ್, ಅಮೆರಿಕ ಮೂರೂ ಸೇರಿ ಮಾಡಿಕೊಂಡ ಒಪ್ಪಂದ. ಕನ್ನಡದಲ್ಲಿ ಬರೆದರೆ, 'ಆಕಸ್ಮಿಕ' ಅಂತ ಬರೆಯಲು ಹೋಗಿ ಅರ್ಧಕ್ಕೆ ನಿಲ್ಲಿಸಿದ ಹಾಗೆ ಕಾಣುತ್ತದೆ. ಟವೆಲ್ ಕೆಳಗಿನ ವ್ಯಾಪಾರ ಎಷ್ಟು ಗುಟ್ಟಾಗಿತ್ತೆಂದರೆ, ಫ್ರಾನ್ಸ್‌ಗೆ ವಿಷಯ ತಿಳಿದದ್ದು ಘೋಷಣೆಗೆ ಕೆಲವೇ ಗಂಟೆ ಮುಂಚೆ. ಆಸ್ಟ್ರೇಲಿಯಾದ ವಿರೋಧ ಪಕ್ಷವಾಗಿದ್ದ ಲೇಬರ್‌ಗೂ ಹಿಂದಿನ ದಿನವಷ್ಟೇ ಹೇಳಿದರು. ಲೇಬರ್ ಒಂದೇ ದಿನದಲ್ಲಿ ತಲೆ ಆಡಿಸಿತು. ಮನೆಗೊಂದು ಮಿಕ್ಸಿ ತಗೊಳ್ಳೋಕೆ ನಾವು ಎರಡು ವಾರ ನಾಲ್ಕು ಅಂಗಡಿ ತಿರುಗ್ತೀವಿ. ಎದುರುವಾದ ಮಾಡಿದರೆ ಚುನಾವಣೆಯಲ್ಲಿ 'ದೇಶದ ರಕ್ಷಣೆ ಇವರ ಕೈಲಾಗದು' ಅಂದಾರು ಅನ್ನುವ ಭಯ ಇರುವಾಗ ಅಂಗಡಿ ತಿರುಗಲು ಪುರುಸೊತ್ತೆಲ್ಲಿ?

ಘೋಷಣೆಯ ದಿನ ಪರದೆಯ ಮೇಲೆ ಮೂವರು ನಾಯಕರು. ಬೈಡನ್‌ಗೆ ಮಾರಿಸನ್ ಹೆಸರು ನೆನಪಾಗಲಿಲ್ಲ. "ಆ ಕೆಳಗಿನ ಕಡೆಯವರಿಗೂ ಥ್ಯಾಂಕ್ಸ್" ಎಂಬರ್ಥದಲ್ಲಿ ಏನೋ ಹೇಳಿ ಸುಧಾರಿಸಿದರು. ಹೊಸ ಬೀಗರಿಗೆ ಅಳಿಯನ ಹೆಸರು ಮರೆತರೆ ಛತ್ರದಲ್ಲಿ ಗಲಾಟೆಯಾಗುತ್ತದೆ. ಇಲ್ಲಿ ಅಳಿಯ ಹಲ್ಲು ಕಿರಿದ. ಸಿಟ್ಟು ಬಂದದ್ದು ಫ್ರಾನ್ಸ್‌ಗೆ. ಕ್ಯಾನ್‌ಬೆರಾ, ವಾಷಿಂಗ್ಟನ್ ಎರಡೂ ಕಡೆಯಿಂದ ರಾಯಭಾರಿಗಳನ್ನು ವಾಪಸ್ ಕರೆಸಿಕೊಂಡಿತು. ಮಾರಿಸನ್ ನಿಮಗೆ ಸುಳ್ಳು ಹೇಳಿದರು ಅನ್ನಿಸುತ್ತದಾ ಎಂದು ಪತ್ರಕರ್ತರು ಕೇಳಿದ್ದಕ್ಕೆ ಫ್ರಾನ್ಸ್ ಅಧ್ಯಕ್ಷ ಮ್ಯಾಕ್ರಾನ್, "ಅನ್ನಿಸುವುದಲ್ಲ, ನನಗೆ ಗೊತ್ತು" ಅಂದರು.

ತಟ್ಟೆ ತಳ್ಳಿದ್ದಕ್ಕೂ ಬಿಲ್ ಬಂತು. 2022ರಲ್ಲಿ ಫ್ರೆಂಚ್ ಕಂಪನಿಗೆ ಪರಿಹಾರವಾಗಿ ಸುಮಾರು 83 ಕೋಟಿ ಆಸ್ಟ್ರೇಲಿಯನ್ ಡಾಲರ್. ಅದುವರೆಗಿನ ಖರ್ಚು ಸೇರಿ ಒಟ್ಟು 340 ಕೋಟಿ. ಬಂದ ಸಬ್‌ಮರೀನ್ ಸೊನ್ನೆ.

ಅಷ್ಟರಲ್ಲಿ ಮಾರಿಸನ್ ಸೋತು, ಒಂದೇ ದಿನದಲ್ಲಿ ತಲೆ ಆಡಿಸಿದ್ದ ಲೇಬರ್‌ನ ಆಂಥನಿ ಆಲ್ಬನೀಸಿ ಪ್ರಧಾನಿಯಾಗಿದ್ದರು. 2023ರ ಮಾರ್ಚ್‌ನಲ್ಲಿ ಸ್ಯಾನ್ ಡಿಯಾಗೋದಲ್ಲಿ ನಿಂತು ಹೊಸ ರೇಟು ಹೇಳಿದರು. 2050ರ ದಶಕದವರೆಗೆ 26,800 ಕೋಟಿಯಿಂದ 36,800 ಕೋಟಿ ಆಸ್ಟ್ರೇಲಿಯನ್ ಡಾಲರ್. ರೂಪಾಯಿಯಲ್ಲಿ ದೊಡ್ಡ ಅಂಕಿ ಸುಮಾರು 20 ಲಕ್ಷ ಕೋಟಿ. ಕರ್ನಾಟಕ ಸರ್ಕಾರದ ಐದು ವರ್ಷದ ಬಜೆಟ್ ಅಂದುಕೊಳ್ಳಿ, ಗ್ಯಾರಂಟಿಗಳೂ ಸೇರಿ. ನಡುವೆ ಹತ್ತು ಸಾವಿರ ಕೋಟಿ ಡಾಲರ್ ಹೆಚ್ಚು ಕಮ್ಮಿ ಆಗಬಹುದಂತೆ. ಆಟೋದವರು "ಮೀಟರ್ ಮೇಲೆ ಇಪ್ಪತ್ತು ಕೊಡಿ" ಅಂದರೆ ನಾವು ಜಗಳ ಆಡ್ತೀವಿ.

ಇಷ್ಟಕ್ಕೆ ಸಿಗುವುದೇನು? 2030ರ ದಶಕದ ಶುರುವಿನಿಂದ ಅಮೆರಿಕದ ವರ್ಜೀನಿಯಾ ಮಾದರಿಯ ಮೂರು. ಬೇಕಾದರೆ ಇನ್ನೆರಡು. ಅವುಗಳಲ್ಲಿ ಸೆಕೆಂಡ್ ಹ್ಯಾಂಡ್ ಕೂಡ ಇರುತ್ತವೆ. ಆಮೇಲೆ 2040ರ ದಶಕದಲ್ಲಿ ಅಡಿಲೇಡ್‌ನಲ್ಲಿ ಕಟ್ಟಿದ ಹೊಸ ಮಾದರಿ. ಅದರ ನಕ್ಷೆ ಬ್ರಿಟನ್ನಿನದು.

ಆದರೆ ಅಮೆರಿಕಕ್ಕೇ ಸಬ್‌ಮರೀನ್ ಸಾಲುತ್ತಿಲ್ಲ. ತನ್ನ ಅಗತ್ಯಕ್ಕೇ ವರ್ಷಕ್ಕೆ ಎರಡು ಬೇಕು, ಕಟ್ಟುತ್ತಿರುವುದು ಒಂದೂಕಾಲು ಹತ್ತಿರ. ಅದಕ್ಕೇ ಅಲ್ಲಿನ ಕಾನೂನಿನಲ್ಲಿ ಒಂದು ಗೂಟ ಹೊಡೆದಿದ್ದಾರೆ. ಮಾರುವ ಮುಂಚೆ ಅಧ್ಯಕ್ಷರು "ಇದರಿಂದ ನಮ್ಮ ಬಲ ಕುಂದುವುದಿಲ್ಲ" ಎಂದು ಸಂಸತ್ತಿಗೆ ಬರೆದುಕೊಡಬೇಕು. ಅಂದರೆ ಹಾಲು ತಮ್ಮ ಮನೆಗೆ ಸಾಕಾಗಿ ಮಿಕ್ಕರೆ ಮಾತ್ರ ಎಮ್ಮೆ ನಿಮಗೆ. ಆಸ್ಟ್ರೇಲಿಯಾ ಏನು ಮಾಡಬೇಕಿತ್ತು? ಏನು ಮಾಡಿತು ಅಂದರೆ, ಮಾರುವವನ ಕೊಟ್ಟಿಗೆ ರಿಪೇರಿಗೆ ದುಡ್ಡು ಕೊಡಲು ಒಪ್ಪಿತು. ಅಮೆರಿಕದ ಹಡಗುಕಟ್ಟೆಗಳು ಬೇಗ ಬೇಗ ಕಟ್ಟಲಿ ಅಂತ ಒಟ್ಟು 300 ಕೋಟಿ ಅಮೆರಿಕನ್ ಡಾಲರ್. ಬ್ರಿಟನ್ನಿನ ರಿಯಾಕ್ಟರ್ ಕಾರ್ಖಾನೆ ದೊಡ್ಡದಾಗಲಿ ಅಂತ ಬೇರೆ 460 ಕೋಟಿ ಆಸ್ಟ್ರೇಲಿಯನ್ ಡಾಲರ್. ಇದು ಎಮ್ಮೆಯ ಬೆಲೆಯಲ್ಲ, ಹುಲ್ಲಿನ ಬಾಬ್ತು.

2025ರ ಫೆಬ್ರವರಿಯಲ್ಲಿ ಮೊದಲ ಕಂತು 50 ಕೋಟಿ ಅಮೆರಿಕನ್ ಡಾಲರ್ ಕಟ್ಟಿದರು. ಅದೇ ತಿಂಗಳು ಪತ್ರಕರ್ತರೊಬ್ಬರು ಆಕಸ್ ಬಗ್ಗೆ ಕೇಳಿದಾಗ ಟ್ರಂಪ್, "ಹಾಗಂದರೇನು?" ಅಂದರು. ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಮೇಲೆ ಸುಂಕ ಹಾಕಿದರು. ಆಸ್ಟ್ರೇಲಿಯಾಕ್ಕೇ ಸೇರಿದ ಹರ್ಡ್ ಮತ್ತು ಮೆಕ್‌ಡೊನಾಲ್ಡ್ ದ್ವೀಪಗಳನ್ನೂ ಪಟ್ಟಿಯಲ್ಲಿ ಬಿಡಲಿಲ್ಲ. ಅಲ್ಲಿ ಒಬ್ಬ ಮನುಷ್ಯನೂ ವಾಸವಿಲ್ಲ, ಪೆಂಗ್ವಿನ್‌ಗಳಿವೆ. ಜೂನ್‌ನಲ್ಲಿ ಪೆಂಟಗನ್, ಈ ಒಪ್ಪಂದ ಬೇಕೋ ಬೇಡವೋ ನೋಡ್ತೀವಿ ಅಂತ ಪರಿಶೀಲನೆಗೆ ಕೂತಿತು. ಜುಲೈನಲ್ಲಿ ಆಸ್ಟ್ರೇಲಿಯಾ ಎರಡನೇ ಕಂತು ಕಟ್ಟಿತು! ಸಾಲ ಕೊಟ್ಟವನೇ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವುದು ಅಂದರೆ ಇದು.

ಕೈಕಟ್ಟಿ ನಿಂತವರಲ್ಲಿ ಕೆವಿನ್ ರಡ್ ಕೂಡ ಒಬ್ಬರು. ಎರಡು ಸಲ ಪ್ರಧಾನಿಯಾಗಿದ್ದವರು, ಆಗ ವಾಷಿಂಗ್ಟನ್‌ನಲ್ಲಿ ರಾಯಭಾರಿ. ಹಿಂದೆ ಟ್ರಂಪ್ ಬಗ್ಗೆ ಖಾರವಾಗಿ ಬರೆದಿದ್ದರು. 2024ರಲ್ಲಿ ಟ್ರಂಪ್ ಗೆದ್ದ ಕೂಡಲೇ ಬರೆದದ್ದನ್ನು ಅಳಿಸಿದರು. 2025ರ ಅಕ್ಟೋಬರ್‌ನಲ್ಲಿ ಶ್ವೇತಭವನದ ಮೇಜಿನ ಎದುರು ಬದಿಯಲ್ಲಿ ಅವರು ಕೂತಿದ್ದಾಗಲೇ ಟ್ರಂಪ್, "ನನಗೂ ನೀವು ಇಷ್ಟವಿಲ್ಲ. ಮುಂದೆಯೂ ಇಷ್ಟವಾಗಲಿಕ್ಕಿಲ್ಲ" ಅಂದುಬಿಟ್ಟರು. ಸುತ್ತ ಇದ್ದವರೆಲ್ಲ ನಕ್ಕರು. ನಗದೆ ಏನು ಮಾಡ್ತಾರೆ, ದುಡ್ಡು ಆ ಕಡೆ ಸೇರಿದೆಯಲ್ಲ. ಅದೇ ಭೇಟಿಯಲ್ಲಿ ಟ್ರಂಪ್ ಆಕಸ್ ಬಗ್ಗೆ 'ಫುಲ್ ಸ್ಟೀಮ್' ಅಂತಲೂ ಹೇಳಿದರು. ಕ್ಯಾನ್‌ಬೆರಾದಲ್ಲಿ ಸಿಹಿ ಹಂಚುವುದೊಂದು ಬಾಕಿ. ಹಬೆ ಜೋರಾಗಿಯೇ ಬರುತ್ತಿದೆ ನಿಜ. ಆದರೆ ಇಡ್ಲಿ ಪಾತ್ರೆಗೆ ಹಿಟ್ಟು ಹಾಕಿದವರು ಯಾರು?

ಅಂದಹಾಗೆ, ಆಸ್ಟ್ರೇಲಿಯಾದಲ್ಲಿ ಅಣು ವಿದ್ಯುತ್ ಸ್ಥಾವರ ಕಟ್ಟುವುದಕ್ಕೆ ಕಾನೂನಿನ ನಿಷೇಧವಿದೆ. ಏಳು ಕಟ್ತೀನಿ ಅಂತ ಹೊರಟ ವಿರೋಧ ಪಕ್ಷದ ನಾಯಕ ಪೀಟರ್ ಡಟನ್ 2025ರ ಚುನಾವಣೆಯಲ್ಲಿ ಸ್ವಂತ ಕ್ಷೇತ್ರವನ್ನೇ ಕಳೆದುಕೊಂಡರು. ಒಲೆ ಉರಿಸಲು ಅಣು ಬೇಡ, ಸಮುದ್ರದ ತಳದಲ್ಲಾದರೆ ಪರವಾಗಿಲ್ಲ.

ಕೂಸು ಹುಟ್ಟುವ ಮುಂಚಿನ ಕುಲಾವಿ ಹೊಲಿಯುವ ಕೆಲಸ ಮಾತ್ರ ಭರದಿಂದ ನಡೆದಿದೆ. ಪರ್ತ್ ಹತ್ತಿರದ ನೌಕಾನೆಲೆಯನ್ನು ದೊಡ್ಡದು ಮಾಡುತ್ತಿದ್ದಾರೆ. ಆಸ್ಟ್ರೇಲಿಯಾದ ನಾವಿಕರು ಅಮೆರಿಕಕ್ಕೆ ಹೋಗಿ, ಅಲ್ಲಿನ ಅಣು ಶಾಲೆಯಲ್ಲಿ ಓದಿ, ಪಾಸಾಗಿ ಅಮೆರಿಕದ ಸಬ್‌ಮರೀನ್‌ಗಳಲ್ಲೇ ಕೆಲಸ ಕಲಿಯುತ್ತಿದ್ದಾರೆ. ಪಕ್ಕದ ಮನೆಯ ಎಮ್ಮೆಯ ಹಾಲು ಕರೆದು ಕೈ ಪಳಗಿಸಿಕೊಳ್ಳುವುದು. ಹಾಲು, ಸಹಜವಾಗಿಯೇ, ಪಕ್ಕದ ಮನೆಗೆ.

ಮನೆಯ ಆರು ಮುದಿ ಎಮ್ಮೆಗಳಿಗೂ ಬಿಡುವಿಲ್ಲ. ಇನ್ನೊಂದು ಹತ್ತು ವರ್ಷ ದುಡಿಯಲಿ ಅಂತ ಒಂದೊಂದನ್ನಾಗಿ ಕಟ್ಟಿ ಹಾಕಿ ಕೊಂಬಿಗೆ ಎಣ್ಣೆ ಸವರಲು ಹೊರಟಿದ್ದಾರೆ.