ಡೆಮೊ ನೋಡಿ ಟೆಂಪ್ಲೇಟ್ ಕೊಳ್ಳಬೇಡಿ

ದಾವಣಗೆರೆ ಮಂಡಿಪೇಟೆಯ ಅಂಗಡಿಯವರಿಗೂ ಚಳ್ಳಕೆರೆಯ ಶೇಂಗಾ ಎಣ್ಣೆ ಗಾಣದವರಿಗೂ ಈಗ ಒಂದು ಆನ್‌ಲೈನ್ ಅಂಗಡಿ ಬೇಕು. ಬಹಳ ಒಳ್ಳೆಯದು. ವಾಟ್ಸಾಪ್‌ನಲ್ಲಿ ದಿನವಿಡೀ ಫೋಟೊ ಕಳಿಸಿ, ರೇಟು ಹೇಳಿ, ಅದೇ ಪ್ರಶ್ನೆಗೆ ಮತ್ತೆ ಮತ್ತೆ ಉತ್ತರ ಕೊಟ್ಟು ಸುಸ್ತಾದವರಿಗೆ ಸ್ವಂತ ಸೈಟ್ ದೊಡ್ಡ ಅನುಕೂಲ. ಅದಕ್ಕೆ ರೆಡಿಮೇಡ್ ಟೆಂಪ್ಲೇಟ್, ಅಂದರೆ ಮೊದಲೇ ಮಾಡಿಟ್ಟ ಸೈಟಿನ ವಿನ್ಯಾಸ, ತಗೊಳ್ಳುವುದೂ ತಪ್ಪಲ್ಲ. ಮೊದಲಿನಿಂದ ಬರೆಸುತ್ತೇನೆ ಅಂದರೆ ಸಣ್ಣ ವ್ಯಾಪಾರಿಗೆ ಖರ್ಚು ಜಾಸ್ತಿಯಾಗುತ್ತದೆ. ಆದರೆ ಮಾರುವವರು ತೋರಿಸುವ ಮಾದರಿ ಸೈಟ್, ಅಂದರೆ ಡೆಮೊ, ನೋಡಿ ಮರುಳಾಗಿ, ಅವತ್ತೇ ರಾತ್ರಿ ದುಡ್ಡು ಕಟ್ಟಿಬಿಡುತ್ತಾರಲ್ಲ, ಅದು ನನಗೆ ಸರಿ ಕಾಣುವುದಿಲ್ಲ.

ಡೆಮೊದಲ್ಲಿ ಇರುವುದೇನು? ಸ್ಟುಡಿಯೊದಲ್ಲಿ ತೆಗೆದ ಫೋಟೊಗಳು, ಎಲ್ಲವೂ ಒಂದೇ ಅಳತೆ, ಹಿಂದೆ ಬಿಳಿ ಗೋಡೆ. ಎರಡೇ ಪದದ ಇಂಗ್ಲಿಷ್ ಹೆಸರುಗಳು. ಆ ಫೋಟೊಗಳು ಎಷ್ಟೋ ಸಲ ಟೆಂಪ್ಲೇಟ್ ಜೊತೆ ಬರುವುದೇ ಇಲ್ಲ, ತೋರಿಸುವುದಕ್ಕೆ ಮಾತ್ರ ಹಾಕಿರುತ್ತಾರೆ. ಅವನ್ನು ತೆಗೆದು ನಮ್ಮ ಸಾಮಾನಿನ ಫೋಟೊ ಹಾಕಿದಾಗಲೇ ನಿಜವಾದ ಟೆಂಪ್ಲೇಟ್ ಕಾಣುವುದು.

ನನಗೆ ಪರಿಚಯದ ಅಕ್ಕ ಒಬ್ಬರು ಮೊಳಕಾಲ್ಮೂರು ಸೀರೆ ಮಾರುತ್ತಾರೆ. ಆ ಸೀರೆಯ ಚೆಂದವೆಲ್ಲ ಅಂಚು ಮತ್ತು ಸೆರಗಿನಲ್ಲಿದೆ. ಅವರು ಕೊಂಡ ಟೆಂಪ್ಲೇಟ್ ಪ್ರತಿ ಫೋಟೊವನ್ನೂ ಚೌಕಕ್ಕೆ ಕತ್ತರಿಸುತ್ತಿತ್ತು. ಸೀರೆಯನ್ನು ಉದ್ದಕ್ಕೆ ಇಳಿಬಿಟ್ಟು ತೆಗೆದ ಫೋಟೊದಲ್ಲಿ ಅಂಚೂ ಹೋಯಿತು, ಸೆರಗೂ ಹೋಯಿತು. ನಡುವಿನ ಒಡಲು ಮಾತ್ರ ಉಳಿಯಿತು. ಸಾಲಾಗಿ ನೋಡಿದರೆ ಪೇಂಟ್ ಅಂಗಡಿಯ ಬಣ್ಣದ ಕಾರ್ಡ್ ಥರ ಕಾಣುತ್ತಿತ್ತು. ಗಿರಾಕಿಗಳು "ಅಕ್ಕಾ, ಅಂಚು ತೋರಿಸ್ರೀ" ಅಂತ ಮತ್ತೆ ವಾಟ್ಸಾಪ್‌ಗೇ ಬಂದರು. ಕತ್ತರಿಸುವ ಅಳತೆ ಬದಲಿಸುವ ಸೌಲಭ್ಯ ಆ ಟೆಂಪ್ಲೇಟಿನ ಸೆಟ್ಟಿಂಗ್‌ನಲ್ಲಿ ಇರಲಿಲ್ಲ, ಕೋಡ್ ಮುಟ್ಟಬೇಕಿತ್ತು. ಮಗ್ಗದ ಮುಂದೆ ದಿನಗಟ್ಟಲೆ ಕೂತು ನೇಯ್ದ ಅಂಚು, ಕೊಳ್ಳುವವರ ಕಣ್ಣಿಗೇ ಬೀಳದ ಹಾಗೆ ಆಯಿತಲ್ಲ ಅಂತ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇನ್ನು ಕನ್ನಡ. ಡೆಮೊದ ಬಟನ್ ಮೇಲೆ "ಬುಟ್ಟಿಗೆ ಹಾಕಿ" ಅಂತ ಬರೆದು ನೋಡಿ. ಬಟನ್ನಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದು ಇಟ್ಟಿರುತ್ತಾರೆ. ಎಷ್ಟೋ ಟೆಂಪ್ಲೇಟ್‌ಗಳಲ್ಲಿ ಕೆಳಗಿನ ಒತ್ತಕ್ಷರ ಅರ್ಧಕ್ಕೇ ಕತ್ತರಿಸಿ ಹೋಗುತ್ತದೆ. ಜೊತೆಗೆ ಬಂದ ಫಾಂಟಿನಲ್ಲಿ ಕನ್ನಡವೇ ಇಲ್ಲದಿದ್ದರೆ, ಫೋನು ತನ್ನ ಹತ್ತಿರ ಇರುವ ಯಾವುದೋ ಫಾಂಟು ಹಾಕಿಕೊಳ್ಳುತ್ತದೆ. ಒಂದೊಂದು ಫೋನಿನಲ್ಲಿ ಒಂದೊಂದು ಥರ. ಇದು ಸರಿಮಾಡಲಾಗದ ತೊಂದರೆಯೇನಲ್ಲ. ನೋಟೊ ಸಾನ್ಸ್ ಕನ್ನಡ ಫಾಂಟು ಉಚಿತವಾಗಿ ಸಿಗುತ್ತದೆ, ಸಾಲಿನ ಎತ್ತರ ಸ್ವಲ್ಪ ಹೆಚ್ಚಿಸಿದರೆ ಒತ್ತು ಪೂರ್ತಿ ಕಾಣುತ್ತದೆ. ಅದಕ್ಕೆ ಜಾಗ ಇದೆಯಾ ಅಂತ ದುಡ್ಡು ಕೊಡುವ ಮುಂಚೆ ಕೇಳಬೇಕು ಅಷ್ಟೇ. ಕೇಳುವವರು ಮಾತ್ರ ಕಡಿಮೆ. "ಇಂಗ್ಲಿಷಲ್ಲೇ ಇರಲಿ ಬಿಡಿ ಸರ್" ಅಂದುಬಿಡುತ್ತಾರೆ. ಕೊಳ್ಳುವವರು ಹರಿಹರದ, ಹೊಳಲ್ಕೆರೆಯ ಜನ. ಅವರ ಭಾಷೆಯಲ್ಲಿ ಅಂಗಡಿ ಇಡದಿದ್ದರೆ ಸ್ವಂತ ಸೈಟ್ ಯಾಕೆ ಬೇಕು, ಹೇಳಿ?

ವಿಳಾಸದ ಪುಟಕ್ಕೆ ಹೋದರೆ ಪಿನ್ ಕೋಡ್ ಬದಲು ಅಮೆರಿಕದವರ 'ಜಿಪ್ ಕೋಡ್' ಕೇಳುತ್ತದೆ. ಜಯದೇವ ಸರ್ಕಲ್ ಹತ್ತಿರ, ಇಂಥ ಮೆಡಿಕಲ್ ಶಾಪ್ ಎದುರು ಅಂತ ಬರೆಯಲು ಜಾಗ ಇರುವುದಿಲ್ಲ. ಕೆಳಗೆ ಸಾಲಾಗಿ ಕಾರ್ಡುಗಳ ಚಿಹ್ನೆ, ಪೇಪಾಲ್ ಚಿಹ್ನೆ. ಅವೆಲ್ಲ ಬರೀ ಚಿತ್ರ. ದುಡ್ಡು ಬರಬೇಕಾದರೆ ಆನ್‌ಲೈನ್ ಪಾವತಿ ತಗೊಳ್ಳುವ ಸೇವೆಯನ್ನು, ಅಂದರೆ ಪೇಮೆಂಟ್ ಗೇಟ್‌ವೇಯನ್ನು, ಬೇರೆಯಾಗಿಯೇ ಜೋಡಿಸಬೇಕು. ಪೇಪಾಲ್ ಅಂತೂ 2021ರ ಏಪ್ರಿಲ್‌ನಲ್ಲೇ ಭಾರತದೊಳಗಿನ ಪಾವತಿ ನಿಲ್ಲಿಸಿದೆ. ನಮ್ಮ ಜನ ಕೊಡುವುದು ಯುಪಿಐನಲ್ಲಿ, ಇಲ್ಲವೇ ಸಾಮಾನು ಕೈಗೆ ಬಂದಮೇಲೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಸೈಟಿನಲ್ಲಿ ಅಂಗಡಿಯ ಹೆಸರು, ವಿಳಾಸ, ದೂರು ಕೇಳುವ ಅಧಿಕಾರಿಯ ವಿವರ, ವಾಪಸು ತಗೊಳ್ಳುವ ನಿಯಮ ಎಲ್ಲ ಇರಬೇಕು. ಹೊರದೇಶದಲ್ಲಿ ಮಾಡಿದ ಟೆಂಪ್ಲೇಟಿಗೆ ಇದರ ಗೊಡವೆ ಇರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಭಯ ಆಗುವುದು ಕದ್ದ ಟೆಂಪ್ಲೇಟ್‌ಗಳ ಬಗ್ಗೆ. ಸಾವಿರಾರು ರೂಪಾಯಿಯದ್ದು ಇನ್ನೂರಕ್ಕೆ ಸಿಗುತ್ತದೆ ಅಂತ ಟೆಲಿಗ್ರಾಂ ಗುಂಪುಗಳಲ್ಲಿ ಮಾರುತ್ತಾರೆ. ಇವಕ್ಕೆ 'ನಲ್ಡ್' ಅನ್ನುತ್ತಾರೆ, ಲೈಸೆನ್ಸ್ ಕೇಳುವ ಭಾಗವನ್ನು ಕಿತ್ತು ಹಾಕಿರುತ್ತಾರೆ. ಕಿತ್ತವರು ಅದೇ ಜಾಗದಲ್ಲಿ ಇನ್ನೇನು ಸೇರಿಸಿದ್ದಾರೋ ಯಾರಿಗೆ ಗೊತ್ತು? ಗಿರಾಕಿಯ ಫೋನ್ ನಂಬರು, ವಿಳಾಸ, ಎಲ್ಲ ಆ ಸೈಟಿನೊಳಗೇ ಇರುತ್ತದೆ ಅಲ್ವಾ. ಸೈಟ್ ಮಾಡಿಕೊಡುವ ಹುಡುಗರಲ್ಲಿ ನನ್ನದು ಕೈಮುಗಿದು ಬೇಡಿಕೆ: ಇದನ್ನು ಮಾತ್ರ ಮಾಡಬೇಡಿ.

ದುಡ್ಡು ಕೊಟ್ಟು ಕೊಂಡರೂ ಕಣ್ಣು ತೆರೆದಿರಬೇಕು. 2014ರ ಡಿಸೆಂಬರ್‌ನಲ್ಲಿ ಸೋಕ್‌ಸೋಕ್ ಎಂಬ ಮಾಲ್‌ವೇರ್ (ಕೇಡು ಮಾಡುವ ಕೋಡು), ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಕಟ್ಟಿದ ಒಂದು ಲಕ್ಷಕ್ಕೂ ಹೆಚ್ಚು ಸೈಟುಗಳಿಗೆ ನುಗ್ಗಿತು. ಬಾಗಿಲಾದದ್ದು ಸ್ಲೈಡರ್ ರೆವಲ್ಯೂಷನ್ ಎಂಬ ಪ್ಲಗಿನ್‌ನ (ಸೈಟಿಗೆ ಸೇರಿಸುವ ಹೆಚ್ಚುವರಿ ಸೌಲಭ್ಯದ) ಹಳೆಯ ಆವೃತ್ತಿ. ಸರಿಪಡಿಸಿದ ಆವೃತ್ತಿ ತಿಂಗಳುಗಳ ಹಿಂದೆಯೇ ಬಂದಿತ್ತು. ಆದರೆ ಆ ಪ್ಲಗಿನ್ ಎಷ್ಟೋ ಟೆಂಪ್ಲೇಟುಗಳ ಹೊಟ್ಟೆಯೊಳಗೇ ಸೇರಿಕೊಂಡಿತ್ತು. ತಮ್ಮ ಸೈಟಿನಲ್ಲಿ ಅದು ಇದೆ ಅನ್ನುವುದೇ ಮಾಲೀಕರಿಗೆ ಗೊತ್ತಿರಲಿಲ್ಲ. ಅದಕ್ಕೇ, ಟೆಂಪ್ಲೇಟಿನ ಜೊತೆ ಯಾವ್ಯಾವ ಪ್ಲಗಿನ್ ಬರುತ್ತವೆ, ಅವುಗಳ ಅಪ್‌ಡೇಟ್ ಯಾರು ಕೊಡುತ್ತಾರೆ, ಕೊನೆಯ ಅಪ್‌ಡೇಟ್ ಯಾವಾಗ ಬಂತು, ಇಷ್ಟನ್ನಾದರೂ ನೋಡಲೇಬೇಕು. ಟೆಂಪ್ಲೇಟ್ ಮಾರುವ ಥೀಮ್‌ಫಾರೆಸ್ಟ್‌ನಂಥ ಸೈಟಿನಲ್ಲಿ ಕೊಂಡರೆ ಸಾಮಾನ್ಯವಾಗಿ ಬೆಂಬಲ ಸಿಗುವುದು 6 ತಿಂಗಳು, ಲೈಸೆನ್ಸ್ ಒಂದು ಸೈಟಿಗೆ ಮಾತ್ರ. ತಮ್ಮನ ಅಂಗಡಿಗೂ ಅದನ್ನೇ ಹಾಕೋಣ ಅಂದರೆ ಆಗುವುದಿಲ್ಲ.

ಕೊಂಡ ಟೆಂಪ್ಲೇಟ್ ಬಿಟ್ಟು ಬರುವುದೂ ಸುಲಭವಲ್ಲ. ಕೆಲವು ಟೆಂಪ್ಲೇಟುಗಳು ತಮ್ಮದೇ ಪೇಜ್ ಬಿಲ್ಡರ್‌ನಲ್ಲಿ (ಪುಟ ಜೋಡಿಸುವ ಸಾಧನದಲ್ಲಿ) ಪುಟ ಕಟ್ಟಿಸುತ್ತವೆ. ಎರಡು ವರ್ಷ ಆದಮೇಲೆ ಬೇರೆಯದಕ್ಕೆ ಹೋದರೆ, ಬರೆದದ್ದರ ನಡುವೆಲ್ಲ ಚೌಕ ಕಂಸದೊಳಗಿನ ಕೋಡು ಚೆಲ್ಲಿಕೊಂಡು ನಿಲ್ಲುತ್ತದೆ. ನೂರು ಸಾಮಾನಿನ ಪುಟ ಇದ್ದರೆ ನೂರನ್ನೂ ಕೂತು ಸರಿಮಾಡಬೇಕು.

ಹಾಗಾದರೆ ಏನು ಮಾಡುವುದು? ಆನ್‌ಲೈನ್ ಅಂಗಡಿ ಕಟ್ಟಲು ವೂಕಾಮರ್ಸ್ ಬಳಸಿದರೆ ಸ್ಟೋರ್‌ಫ್ರಂಟ್, ಶಾಪಿಫೈ ಬಳಸಿದರೆ ಡಾನ್ ಎಂಬ ಟೆಂಪ್ಲೇಟುಗಳು ಉಚಿತವಾಗಿಯೇ ಇವೆ. ಮೊದಲು ಅದರಲ್ಲೇ ಅಂಗಡಿ ತೆರೆಯಿರಿ. ನಿಮ್ಮ ಹತ್ತಿರ ಇರುವ ಫೋಟೊಗಳಲ್ಲಿ ಕೆಟ್ಟದ್ದನ್ನೇ ಹಾಕಿ. ಸಾಮಾನಿನ ಹೆಸರುಗಳಲ್ಲಿ ಉದ್ದದ ಕನ್ನಡ ಹೆಸರನ್ನೇ ಹಾಕಿ. ಮನೆಯಲ್ಲಿ ಇರುವ ಹಳೇ ಫೋನಿನಲ್ಲಿ, ವೈಫೈ ಆಫ್ ಮಾಡಿ ತೆರೆದು ನೋಡಿ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಅನ್ನುತ್ತದೆ ಗೂಗಲ್. ಅದರ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಯಾವ ಡೆಮೊದ ಲಿಂಕ್ ಬೇಕಾದರೂ ಹಾಕಿ ಪುಕ್ಕಟೆಯಾಗಿ ಅಳೆಯಬಹುದು. ಆಮೇಲೆ ಅಮ್ಮನ ಕೈಗೋ ಅತ್ತಿಗೆಯ ಕೈಗೋ ಫೋನ್ ಕೊಟ್ಟು, ಏನೂ ಹೇಳಿಕೊಡದೆ, ಒಂದು ಸಾಮಾನು ಕೊಳ್ಳಲು ಹೇಳಿ. ಅವರು ಎಲ್ಲಿ ನಿಲ್ಲುತ್ತಾರೆ ಅನ್ನುವುದನ್ನು ಬರೆದಿಟ್ಟುಕೊಳ್ಳಿ.

ಇಷ್ಟೆಲ್ಲ ಆದಮೇಲೂ ದುಡ್ಡು ಕೊಟ್ಟು ಕೊಳ್ಳಬೇಕು ಅನ್ನಿಸಿದರೆ ಕೊಳ್ಳಿ. ಆಗ ಏನು ಬೇಕು ಅನ್ನುವ ಪಟ್ಟಿ ನಿಮ್ಮ ಕೈಯಲ್ಲೇ ಇರುತ್ತದೆ. ಲೈಸೆನ್ಸ್, ಡೊಮೇನ್ (ಸೈಟಿನ ವಿಳಾಸ), ಹೋಸ್ಟಿಂಗ್ (ಸೈಟ್ ಇಡುವ ಬಾಡಿಗೆ ಜಾಗ) ಮೂರೂ ನಿಮ್ಮ ಇಮೇಲ್‌ನಲ್ಲೇ ಇರಲಿ, ಸೈಟ್ ಮಾಡಿಕೊಡುವವರ ಇಮೇಲ್‌ನಲ್ಲಿ ಬೇಡ. ಕೊಳ್ಳುವ ಮುಂಚೆ ಗೊಂದಲ ಇದ್ದರೆ ಡೆಮೊದ ಲಿಂಕ್ ಮತ್ತು ನಿಮ್ಮ ಸಾಮಾನಿನ ಒಂದೆರಡು ಫೋಟೊ ನನಗೆ ಇನ್‌ಬಾಕ್ಸ್ ಮಾಡಿ, ಕೂತು ನೋಡೋಣ.