ಹಗ್ಗ ಎಷ್ಟು ಸಡಿಲ ಇದೆ ನೋಡಿಕೊಳ್ಳಿ

ಇಳಿಜಾರು ಚಾವಣಿಗೆ ಶಿಂಗಲ್ಸ್ (ಹೆಂಚಿನ ಬದಲು ಹೊದಿಸುವ, ಮೇಲೆ ಸಣ್ಣ ಹರಳು ಅಂಟಿಸಿದ ಡಾಂಬರಿನ ಹಾಳೆಗಳು) ಹಾಕುವವರು ಹಾರ್ನೆಸ್, ಅಂದರೆ ಹಗ್ಗಕ್ಕೆ ಸಿಕ್ಕಿಸುವ ಮೈಪಟ್ಟಿ, ಹಾಕಿಕೊಳ್ಳಲೇಬೇಕು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಒಪ್ಪಿದೆ. ಆದರೆ ಹಗ್ಗದ ಉದ್ದದ ಬಗ್ಗೆ ಒಂದು ಮಾತೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬೀದರ್‌ನಲ್ಲಿ ಚಾವಣಿ ಕೆಲಸ ಮಾಡಿಸುತ್ತೇನೆ. ನಮ್ಮ ಕಡೆ ಮಟ್ಟಸವಾದ ಮಾಳಿಗೆಗಳೇ ಜಾಸ್ತಿ, ಹುಡುಗರಿಗೆ ಇಳಿಜಾರಿನ ಅಭ್ಯಾಸ ಕಡಿಮೆ. ಹೋದ ವರ್ಷ ಒಂದು ತೋಟದ ಮನೆ ಮೇಲೆ ನಮ್ಮ ಹುಡುಗನೊಬ್ಬ ಜಾರಿದ. ಶಿಂಗಲ್‌ನಿಂದ ಉದುರಿದ ಸಣ್ಣ ಹರಳು ಬೂಟಿನಡಿ ಸಿಕ್ಕಿತ್ತು, ಅಷ್ಟೇ. ಹಾರ್ನೆಸ್ ಮೈಮೇಲಿತ್ತು. ಆದರೆ ಹಗ್ಗ 12 ಅಡಿ ಸಡಿಲ, ಸೂರಿನಿಂದ ನೆಲ 10 ಅಡಿ! ಕೆಳಗೆ ಬ್ರಾಕೆಟ್ (ಹಲಗೆ ಕೂರಿಸಲು ಚಾವಣಿಗೆ ಮೊಳೆ ಹೊಡೆದು ಹಾಕುವ ಆಸರೆ) ಮೇಲಿದ್ದ ಹಲಗೆಗೆ ಕಾಲು ತಾಗಿ ನಿಂತ. ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆಮೇಲಿಂದ ರೋಪ್ ಗ್ರ್ಯಾಬ್ ಕಡ್ಡಾಯ ಮಾಡಿದ್ದೇನೆ; ಅದು ಹಗ್ಗದ ಮೇಲೆ ಸರಿಸಿಕೊಳ್ಳಬಹುದಾದ, ಜಾರಿದರೆ ಹಗ್ಗವನ್ನು ಕಚ್ಚಿ ಹಿಡಿಯುವ ಹಿಡಿಕೆ. ಒಂದೊಂದು ಸಾಲು ಮೇಲೇರಿದಂತೆ ಹಗ್ಗ ಬಿಗಿ ಮಾಡಿಕೊಳ್ಳಬೇಕು. ಬ್ರಾಕೆಟ್‌ನ ಮೊಳೆ ಸುಮ್ನೆ ಪ್ಲೈವುಡ್‌ಗೆ ಹೊಡೆದರೆ ಸಾಲದು, ಅಡಿಯ ರಾಫ್ಟರ್‌ಗೆ (ಚಾವಣಿ ಹೊರುವ ಇಳಿಜಾರು ತೊಲೆಗೆ) ಇಳಿಯಬೇಕು. ಏಣಿ ಸೂರಿಗಿಂತ 3 ಅಡಿ ಮೇಲಿರಲಿ.

ಇನ್ನು ಬಿಸಿಲು. ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ ಅಲ್ವಾ? ಡಾಂಬರಿನ ಶಿಂಗಲ್ಸ್ ಮೆತ್ತಗಾಗಿ ಬೂಟಿನ ಗುರುತು ಬೀಳುತ್ತದೆ, ಹರಳೂ ಜಾಸ್ತಿ ಉದುರುತ್ತದೆ. ಹಾಗಾಗಿ ಬೆಳಿಗ್ಗೆ 6ಕ್ಕೆ ಹತ್ತಿಸಿ 11ಕ್ಕೆ ಎಲ್ಲರನ್ನೂ ಇಳಿಸುತ್ತೇನೆ. ಮನೆಯವರು ಅವಸರ ಮಾಡಲಿ, ನಾನು ಬಗ್ಗುವುದಿಲ್ಲ. ಶಿಂಗಲ್ಸ್ ಕಟ್ಟುಗಳನ್ನು ಹಿಂದಿನ ಸಂಜೆಯೇ ಮೇಲೆ ಹಂಚಿಟ್ಟರೆ ಆ ಐದು ಗಂಟೆಯಲ್ಲಿ ಒಳ್ಳೆಯ ಕೆಲಸ ಸಾಗುತ್ತದೆ.

ರೋಪ್ ಗ್ರ್ಯಾಬ್ ಬಳಸುವುದನ್ನು ಚಿತ್ರ ಸಮೇತ ಬರೆಯಿರಿ. ನಮ್ಮ ಹುಡುಗರಿಗೆ ತೋರಿಸುತ್ತೇನೆ.